ಬ್ಯಾಟರಿ ಬದಲಿಸುವುದಾ, ಪ್ಲಗ್ ಹಾಕುವುದಾ? ಮೊದಲು ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ ಹೇಳಿ

ಎಲೆಕ್ಟ್ರಿಕ್ ಗಾಡಿ ತೆಗೆದುಕೊಳ್ಳಬೇಕು ಅಂತ ಹೊರಟವರು ಎಲ್ಲರೂ ಮೊದಲು ಕೇಳುವುದು ಒಂದೇ. ಎಷ್ಟು ಕಿಲೋಮೀಟರ್ ಓಡುತ್ತದೆ? ಎರಡನೆಯದು, ಚಾರ್ಜ್ ಆಗಲು ಎಷ್ಟು ಹೊತ್ತು? ನಾನು ತಿರುಗಿ ಬೇರೆಯೇ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ? ಹಗಲು ಒಂದು ಗಂಟೆ ಸುಮ್ನೆ ನಿಂತರೆ ನಿಮಗೆ ದುಡ್ಡು ನಷ್ಟ ಆಗುತ್ತದಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ನಿರ್ಧಾರ ಆದ ಹಾಗೆಯೇ. ಉಳಿದ ಕಾಲು ಭಾಗದಲ್ಲಿ ಮಾತ್ರ ತುಂಬಾ ಜನ ಎಡವುತ್ತಾರೆ, ಹಾಗಾಗಿ ಅದನ್ನೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಮ್ಮ ಮುಂದೆ ಇರುವ ದಾರಿ ನಾಲ್ಕು. ಮನೆಯಲ್ಲೇ ಪ್ಲಗ್ ಹಾಕುವುದು. ದಾರಿಯಲ್ಲಿ ಫಾಸ್ಟ್ ಚಾರ್ಜರ್ ಹಿಡಿಯುವುದು. ಬ್ಯಾಟರಿ ತೆಗೆದು ಮನೆಯೊಳಗೆ ಹೊತ್ತುಕೊಂಡು ಹೋಗಿ ಚಾರ್ಜ್ ಮಾಡುವುದು. ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದನ್ನು ತೆಗೆದುಕೊಳ್ಳುವುದು, ಅಂದರೆ ಸ್ವಾಪಿಂಗ್. ಜನ ಮೂರನೆಯದನ್ನೂ ನಾಲ್ಕನೆಯದನ್ನೂ ಒಂದೇ ಅಂದುಕೊಳ್ಳುತ್ತಾರೆ. ಎರಡರಲ್ಲೂ ಬ್ಯಾಟರಿ ಕೈಗೆ ಬರುತ್ತದೆ ನಿಜ, ಆದರೆ ಒಂದರಲ್ಲಿ ಅದು ನಿಮ್ಮದು, ಇನ್ನೊಂದರಲ್ಲಿ ಅಲ್ಲ.

ಮನೆಯ ಪ್ಲಗ್

ನಿಮ್ಮದೇ ಜಾಗ, ನಿಮ್ಮದೇ ಮೀಟರ್, ಗಾಡಿ ನಿಲ್ಲುವ ಕಡೆ ಒಂದು ಸಾಕೆಟ್. ಇಷ್ಟು ಇದ್ದರೆ, ಮತ್ತು ನೀವು ದಿನಕ್ಕೆ ಓಡಿಸುವುದು ಒಂದು ಚಾರ್ಜ್‌ನ ಒಳಗೇ ಮುಗಿದರೆ, ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸ್ಕೂಟರ್‌ನ ಬ್ಯಾಟರಿ ಸಾಮಾನ್ಯವಾಗಿ 2ರಿಂದ 4 ಯೂನಿಟ್ ಹಿಡಿಯುತ್ತದೆ. ಬ್ಯಾಟರಿ ಲೆಕ್ಕದ ಕಿಲೋವ್ಯಾಟ್ ಅವರ್ ಅಂದರೆ ಕರೆಂಟ್ ಬಿಲ್‌ನಲ್ಲಿ ಬರುವ ಯೂನಿಟ್ಟೇ, ಬೇರೆ ಏನೂ ಅಲ್ಲ. 3 ಯೂನಿಟ್ಟಿನ ಬ್ಯಾಟರಿಗೆ 750 ವ್ಯಾಟ್ ಚಾರ್ಜರ್ ಹಾಕಿದರೆ ನಾಲ್ಕು ಗಂಟೆ ಚಿಲ್ಲರೆ. ಕಾರಿನ ಬ್ಯಾಟರಿ ದೊಡ್ಡದು, 40ರಿಂದ 60 ಯೂನಿಟ್ ಸಾಮಾನ್ಯ. 7 ಕಿಲೋವ್ಯಾಟ್, ಅಂದರೆ ಗಂಟೆಗೆ 7 ಯೂನಿಟ್ ಕೊಡುವ ಗೋಡೆಯ ಚಾರ್ಜರ್ ಇದ್ದರೆ ಅದೂ ಒಂದು ರಾತ್ರಿಯಲ್ಲಿ ಆಗಿಬಿಡುತ್ತದೆ. ನೀವು ಮಲಗಿರುತ್ತೀರಿ, ಕಾಯುವ ಪ್ರಶ್ನೆಯೇ ಬರುವುದಿಲ್ಲ. ಮೂರು ನಿಮಿಷದ ಸ್ವಾಪ್ ವೇಗ ಅನ್ನುತ್ತಾರಲ್ಲ, ಪ್ಲಗ್ ಸಿಕ್ಕಿಸಲು ಹತ್ತು ಸೆಕೆಂಡು ಸಾಕು. ನಿಮ್ಮ ಸಮಯ ಹೋಗುವುದು ಅಷ್ಟೇ.

ನಿಧಾನದ ಚಾರ್ಜ್ ಬ್ಯಾಟರಿಗೂ ಹಿತ. ಬಿಸಿ ಕಡಿಮೆ ಆಗುತ್ತದೆ, ಸವೆತವೂ ಕಡಿಮೆ.

ಅಡ್ಡಿ ಒಂದೇ. ತುಂಬಾ ಜನರಿಗೆ ಆ ಸಾಕೆಟ್ ಇಲ್ಲ. ಬಾಡಿಗೆ ಮನೆ, ಬೀದಿ ಬದಿ ಪಾರ್ಕಿಂಗ್, ಕೆಳಗಿನ ನೆಲಮಾಳಿಗೆಯಲ್ಲಿ ವೈರ್ ಎಳೆಯಲು ಒಪ್ಪದ ಕಟ್ಟಡ. ಇಂಥವರಿಗೆ ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳಿ ಅಂತ ಹೇಳುವುದು ಉತ್ತರವೇ ಅಲ್ಲ.

ಫಾಸ್ಟ್ ಚಾರ್ಜರ್

ಕಾರಿನವರು ಹೆಚ್ಚಾಗಿ ಇದರ ಮೇಲೆ ನಂಬಿಕೆ ಇಟ್ಟಿರುತ್ತಾರೆ. 60 ಯೂನಿಟ್ಟಿನ ಕಾರು 10 ಶೇಕಡಾದಿಂದ 80ಕ್ಕೆ ಏರಲು 42 ಯೂನಿಟ್ ಬೇಕು. 50 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಅದು ಸುಮಾರು 50 ನಿಮಿಷದ ಕೆಲಸ, ಅದೂ ಪಕ್ಕದ ಕಾರಿನ ಜೊತೆ ಕರೆಂಟ್ ಹಂಚಿಕೊಳ್ಳದೇ ಇದ್ದರೆ. 80 ದಾಟಿದ ಮೇಲೆ ವೇಗ ಬಿದ್ದುಹೋಗುತ್ತದೆ. ಕೊನೆಯ 20 ಶೇಕಡಾಕ್ಕೆ ಕಾಯುತ್ತಾ ಕೂರಬೇಡಿ, ಹೊರಡಿ. ತುಂಬಿದ ಬಸ್ಸಿಗೆ ಕೊನೆಯಲ್ಲಿ ಹತ್ತುವವರ ಹಾಗೆ ಅದು, ಜಾಗ ಹುಡುಕಿಕೊಂಡು ಒಳಗೆ ಹೋಗಲೇ ಹೊತ್ತು ಹಿಡಿಯುತ್ತದೆ.

ಈ ಕಡೆ ವೇಗ ಜಾಸ್ತಿ ಆಗುತ್ತಲೇ ಇದೆ. ಹ್ಯುಂಡೈ ಐಯೋನಿಕ್ 5 ತರಹದ 800 ವೋಲ್ಟ್ ಕಾರು, 350 ಕಿಲೋವ್ಯಾಟ್ ಚಾರ್ಜರ್ ಸಿಕ್ಕರೆ 18 ನಿಮಿಷದಲ್ಲಿ 10ರಿಂದ 80ಕ್ಕೆ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ. 2025ರ ಮಾರ್ಚ್‌ನಲ್ಲಿ ಚೀನಾದ ಕಾರು ಕಂಪನಿ ಬಿವೈಡಿ 1000 ಕಿಲೋವ್ಯಾಟ್ ಚಾರ್ಜಿಂಗ್ ತೋರಿಸಿ, ಐದು ನಿಮಿಷಕ್ಕೆ 400 ಕಿಲೋಮೀಟರ್ ಅಂತ ಘೋಷಿಸಿತು. ಕಾರಿನ ಸ್ವಾಪಿಂಗ್‌ಗೆ ನಿಜವಾದ ಪೈಪೋಟಿ ಇಲ್ಲಿಂದಲೇ ಬರುತ್ತಿದೆ. ಆದರೆ ಅಂಥ ಚಾರ್ಜರ್ ನಿಮ್ಮ ದಾರಿಯಲ್ಲಿ ಇರಬೇಕು, ನಿಮ್ಮ ಕಾರೂ ಅಷ್ಟು ಕರೆಂಟ್ ತೆಗೆದುಕೊಳ್ಳುವಂಥದ್ದಾಗಿರಬೇಕು. ಕಾರು 50 ಕಿಲೋವ್ಯಾಟ್ ಮಾತ್ರ ಕುಡಿಯುವಂಥದ್ದಾದರೆ 350ರ ಚಾರ್ಜರ್ ಹಾಕಿದರೂ ಅದೇ 50.

ಇನ್ನೊಂದು ಮಾತು. ದಿನಾ ಫಾಸ್ಟ್ ಚಾರ್ಜ್ ಮಾಡುವವರು ಬ್ಯಾಟರಿಯ ಬಿಸಿಯ ಬಗ್ಗೆ ಯೋಚಿಸಬೇಕು. ಚಳಿಯಲ್ಲಿ ಬೇರೆ ತೊಂದರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೆ ಪದರ ಕಟ್ಟುತ್ತದೆ, ಅದು ಬ್ಯಾಟರಿಗೆ ಒಳ್ಳೆಯದಲ್ಲ. ಒಳ್ಳೆಯ ಕಾರುಗಳು ಇದಕ್ಕೇ ಮೊದಲು ಬ್ಯಾಟರಿ ಬೆಚ್ಚಗೆ ಮಾಡಿಕೊಂಡು ಆಮೇಲೆ ವೇಗ ಹಿಡಿಯುತ್ತವೆ.

ಹೊತ್ತುಕೊಂಡು ಹೋಗುವ ಬ್ಯಾಟರಿ

ಇದು ಸ್ಕೂಟರ್‌ಗೆ ಮಾತ್ರ. ನಾನು ಒಂದು ವರ್ಷ ಹೀಗೆ ಓಡಿಸಿದ್ದೇನೆ, ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಹತ್ತು ಕಿಲೋ ಕೇಳಲು ಹಗುರ, ಮೊದಲ ವಾರ ಹಗುರವೇ. ಆಮೇಲೆ ಮಳೆಯಲ್ಲಿ ನೆನೆದು ಬಂದ ದಿನ, ಕೈಯಲ್ಲಿ ಬೇರೆ ಚೀಲ ಇರುವ ದಿನ, ಬೆನ್ನು ನೋಯುವ ದಿನ ಅದರ ತೂಕ ಗೊತ್ತಾಗುತ್ತದೆ. ಎರಡು ಬ್ಯಾಟರಿ ಇರುವ ಸ್ಕೂಟರ್ ಆದರೆ ಎರಡು ಸಲ ಹತ್ತಿ ಇಳಿಯಬೇಕು. ಮನೆಯ ಹಿರಿಯರಿಗೆ ಗಾಡಿ ಕೊಡಿಸುವುದಾದರೆ ಇದನ್ನು ಮೊದಲೇ ಯೋಚಿಸಿ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಮನೆಯೊಳಗೆ ಚಾರ್ಜ್ ಮಾಡುವಾಗ ಬಾಗಿಲಿನ ಹತ್ತಿರ, ಹೊರಗೆ ಹೋಗುವ ದಾರಿಯಲ್ಲಿ ಬ್ಯಾಟರಿ ಇಡಬೇಡಿ. ಗಾಡಿಯ ಜೊತೆ ಬಂದ ಚಾರ್ಜರ್ ಬಿಟ್ಟು ಬೇರೆ ಹಾಕಬೇಡಿ. ಬಿದ್ದು ಪೆಟ್ಟಾದ ಅಥವಾ ಊದಿಕೊಂಡ ಬ್ಯಾಟರಿಯನ್ನು ಮನೆಯೊಳಗೆ ತರಲೇಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವುದು ಅಪರೂಪ, ಹತ್ತಿದರೆ ಆರಿಸುವುದು ತುಂಬಾ ಕಷ್ಟ.

ಸ್ವಾಪಿಂಗ್

ಈಗ ಮುಖ್ಯ ವಿಷಯಕ್ಕೆ ಬರೋಣ. ಇದು ಹೊಸದು ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಆದರೆ ನೂರು ವರ್ಷ ಹಳೆಯದು. ಅಮೆರಿಕದ ಹಾರ್ಟ್‌ಫರ್ಡ್ ಎಲೆಕ್ಟ್ರಿಕ್ ಲೈಟ್ ಕಂಪನಿ 1910ರಿಂದ 1924ರವರೆಗೆ ಎಲೆಕ್ಟ್ರಿಕ್ ಟ್ರಕ್‌ಗಳಿಗೆ ಇದನ್ನೇ ಮಾಡುತ್ತಿತ್ತು. ಟ್ರಕ್ ಕೊಳ್ಳುವವರು ಬ್ಯಾಟರಿ ಇಲ್ಲದೆ ಕೊಳ್ಳುತ್ತಿದ್ದರು. ಬ್ಯಾಟರಿ ಕಂಪನಿಯದು. ಓಡಿದ ಮೈಲಿಗೆ ತಕ್ಕ ಹಾಗೆ ದುಡ್ಡು. ಇವತ್ತು ಬ್ಯಾಟರಿ ಸಬ್‌ಸ್ಕ್ರಿಪ್ಷನ್ ಅಂತ ಮಾರುವುದೂ ಇದನ್ನೇ.

ಹಾಗಾಗಿ ಸ್ವಾಪಿಂಗ್ ನೋಡುವಾಗ ವೇಗವನ್ನು ಎರಡನೇ ಸಾಲಿಗೆ ತಳ್ಳಿ. ಮೊದಲು ಕೇಳಬೇಕಾದದ್ದು, ಬ್ಯಾಟರಿ ಸವೆಯುವ ನಷ್ಟ ಯಾರ ತಲೆ ಮೇಲೆ? ನಿಮ್ಮ ಬ್ಯಾಟರಿ ಆದರೆ ನಿಮ್ಮ ಮೇಲೆ. ಸ್ವಾಪಿಂಗ್ ಆದರೆ ಕಂಪನಿಯ ಮೇಲೆ, ಅದಕ್ಕೆ ನೀವು ತಿಂಗಳು ತಿಂಗಳು ಕೊಡುತ್ತೀರಿ.

ಇದರ ಲೆಕ್ಕ ಸುಲಭ, ಒಂದು ಹಾಳೆ ಸಾಕು. ಸ್ಕೂಟರ್ 100 ಕಿಲೋಮೀಟರ್‌ಗೆ ಸುಮಾರು 3 ಯೂನಿಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಚಾರ್ಜ್ ಆಗುವಾಗ ಒಂದಿಷ್ಟು ಸೋರುತ್ತದೆ, ಅದಕ್ಕೆ ಇನ್ನೊಂದು 10-15 ಶೇಕಡಾ ಸೇರಿಸಿ. ಈಗ 3 ಯೂನಿಟ್ಟಿನ ಬ್ಯಾಟರಿ ಒಂದು ಸಾವಿರ ಸಲ ಪೂರ್ತಿ ತುಂಬಿ ಖಾಲಿಯಾದರೆ ಒಂದು ಲಕ್ಷ ಕಿಲೋಮೀಟರ್.

ದಿನಕ್ಕೆ 30 ಕಿಲೋಮೀಟರ್ ಓಡಿಸುವವರು ತಿಂಗಳಿಗೆ 900 ಓಡಿಸುತ್ತಾರೆ. ಲಕ್ಷ ಮುಟ್ಟಲು ಒಂಬತ್ತು ವರ್ಷ ದಾಟಬೇಕು. ಅಷ್ಟರೊಳಗೆ ಬ್ಯಾಟರಿ ಓಡಿ ಸವೆಯುವುದಕ್ಕಿಂತ ವಯಸ್ಸಾಗಿಯೇ ಸೊರಗುತ್ತದೆ. ಇವರು ತಿಂಗಳ ಬಾಡಿಗೆ ಕಟ್ಟಿದರೆ, ತಾವು ಮಾಡದೇ ಇರುವ ಸವೆತಕ್ಕೆ ದುಡ್ಡು ಕೊಟ್ಟ ಹಾಗೆ. ದಿನಕ್ಕೆ 120 ಕಿಲೋಮೀಟರ್, ತಿಂಗಳಿಗೆ 26 ದಿನ ಓಡಿಸುವ ಡೆಲಿವರಿ ಹುಡುಗನನ್ನು ತೆಗೆದುಕೊಳ್ಳಿ. ತಿಂಗಳಿಗೆ 3,120. ಅವನು ಅದೇ ಲಕ್ಷವನ್ನು ಎರಡು ವರ್ಷ ಎಂಟು ತಿಂಗಳಲ್ಲಿ ಮುಗಿಸುತ್ತಾನೆ. ಗಾಡಿಯ ಸಾಲ ತೀರುವ ಹೊತ್ತಿಗೆ ಬ್ಯಾಟರಿಯೂ ತೀರಿರುತ್ತದೆ. ಅಷ್ಟೇ ಅಲ್ಲ, ಒಂದು ಚಾರ್ಜ್ ಅವನ ದಿನಕ್ಕೆ ಸಾಲುವುದೇ ಇಲ್ಲ, ಆರ್ಡರ್ ಬರುವ ಹೊತ್ತಿನಲ್ಲೇ ಒಂದೆರಡು ಗಂಟೆ ಪ್ಲಗ್ ಹತ್ತಿರ ಕೂರಬೇಕು. ಅವನಿಗೆ ಸ್ವಾಪಿಂಗ್ ಅಂದರೆ ಸಂಪಾದನೆಯ ಸಮಯ ಉಳಿಯಿತು, ಬ್ಯಾಟರಿಯ ಚಿಂತೆಯೂ ಹೋಯಿತು. ಆಟೋ ಓಡಿಸುವವರಿಗೂ ಇದೇ ಲೆಕ್ಕ. ಒಂದೇ ಸೇವೆ ಇವರಿಗೆ ಲಾಭ, ದಿನಕ್ಕೆ 30 ಕಿಲೋಮೀಟರ್‌ನವರಿಗೆ ದಂಡ.

ನಿಮ್ಮದನ್ನು ಹೀಗೆ ಮಾಡಿ. ತಿಂಗಳ ಶುಲ್ಕವನ್ನು ನಿಮ್ಮ ತಿಂಗಳ ಕಿಲೋಮೀಟರ್‌ನಿಂದ ಭಾಗಿಸಿ. ಇನ್ನೊಂದು ಕಡೆ, ಬ್ಯಾಟರಿಯ ಬೆಲೆಯನ್ನು ಲಕ್ಷದಿಂದ ಭಾಗಿಸಿ, ಕಡಿಮೆ ಓಡಿಸುವವರಾದರೆ ಲಕ್ಷದ ಬದಲು 70 ಸಾವಿರದಿಂದ ಭಾಗಿಸಿ, ಅದಕ್ಕೆ ಕಿಲೋಮೀಟರ್‌ಗೆ ತಗಲುವ ಕರೆಂಟ್ ದುಡ್ಡು ಕೂಡಿಸಿ. ಎರಡೂ ಹತ್ತಿರ ಹತ್ತಿರ ಬಂದರೆ ಸ್ವಾಪಿಂಗ್ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಎರಡರಷ್ಟು ವ್ಯತ್ಯಾಸ ಇದ್ದರೆ ಬೇಡ.

ಸ್ಕೂಟರ್‌ನ ಸ್ವಾಪ್ ಬೇರೆ, ಕಾರಿನ ಸ್ವಾಪ್ ಬೇರೆ

ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಸ್ಕೂಟರ್‌ನ ಬ್ಯಾಟರಿ ಕೈಯಲ್ಲಿ ಎತ್ತುವಷ್ಟು. ತೈವಾನ್‌ನ ಗೊಗೊರೊ 2015ರಲ್ಲಿ ಶುರು ಮಾಡಿದ್ದು ಇದನ್ನೇ. ಬೀದಿ ಬದಿಯಲ್ಲಿ ಕಪಾಟಿನ ಹಾಗೆ ಒಂದು ಯಂತ್ರ, ಖಾಲಿ ಬ್ಯಾಟರಿ ತಳ್ಳಿದರೆ ತುಂಬಿದ್ದು ಹೊರಗೆ ಬರುತ್ತದೆ, ಕೆಲವೇ ಸೆಕೆಂಡಿನ ಕೆಲಸ. ರೋಬೋ ಬೇಡ, ದೊಡ್ಡ ಜಾಗ ಬೇಡ. ಅದಕ್ಕೇ ಊರ ತುಂಬಾ ಇಡಲು ಆಗುತ್ತದೆ. ಹೋಂಡಾದ ಮೊಬೈಲ್ ಪವರ್ ಪ್ಯಾಕ್ ಕೂಡ ಹತ್ತು ಕಿಲೋ ಸುಮಾರಿಗೆ ಬರುವ ಇಂಥದ್ದೇ ಬ್ಯಾಟರಿ.

ಕಾರಿನ ಬ್ಯಾಟರಿ ಮುನ್ನೂರು, ನಾನೂರು ಕಿಲೋ. ಕಾರನ್ನು ಒಂದು ಕೊಠಡಿಯೊಳಗೆ ನಿಲ್ಲಿಸಬೇಕು, ಕೆಳಗಿನಿಂದ ಯಂತ್ರ ಬೋಲ್ಟ್ ಬಿಚ್ಚಿ ಇಳಿಸಿ ಬೇರೆಯದನ್ನು ಏರಿಸಬೇಕು. ಕರೆಂಟ್ ಜೊತೆ ಬ್ಯಾಟರಿ ತಂಪು ಮಾಡುವ ನೀರಿನ ಜೋಡಣೆಯೂ ಸೋರದೆ ಕೂರಬೇಕು, ಸಾವಿರ ಸಲ ಬಿಚ್ಚಿ ಹಾಕಿದರೂ. ಇಷ್ಟಕ್ಕೂ ಇದು ಆಗುವುದಿಲ್ಲ ಅಂತಲ್ಲ. ಚೀನಾದ ನಿಯೊ 2018ರಿಂದ ಮಾಡುತ್ತಿದೆ, 3,000ಕ್ಕೂ ಹೆಚ್ಚು ಕೇಂದ್ರ ಕಟ್ಟಿದೆ. ಸ್ವಾಪ್‌ಗೆ ಮೂರು ನಿಮಿಷದ ಸುಮಾರು.

ಆದರೆ ಸೋತವರನ್ನೂ ನೋಡಬೇಕು ಅಲ್ವಾ. ಇಸ್ರೇಲ್‌ನ ಬೆಟರ್ ಪ್ಲೇಸ್ 2007ರಲ್ಲಿ ಹುಟ್ಟಿ, ದೊಡ್ಡ ಬಂಡವಾಳ ಎತ್ತಿ, ಕೇಂದ್ರಗಳನ್ನು ಕಟ್ಟಿ, 2013ರಲ್ಲಿ ದಿವಾಳಿಯಾಯಿತು. ಅದರ ಕೇಂದ್ರಕ್ಕೆ ಬಂದದ್ದು ರೆನೋ ಫ್ಲುಯೆನ್ಸ್ ಅನ್ನುವ ಒಂದೇ ಕಾರು. ಬೇರೆ ಕಂಪನಿಗಳು ತಮ್ಮ ಬ್ಯಾಟರಿಯನ್ನು ಅದರ ಅಳತೆಗೆ ತರಲಿಲ್ಲ. ಅದೇ 2013ರಲ್ಲಿ ಟೆಸ್ಲಾ ವೇದಿಕೆಯ ಮೇಲೆ ಒಂದೂವರೆ ನಿಮಿಷದಲ್ಲಿ ಬ್ಯಾಟರಿ ಬದಲಿಸಿ ತೋರಿಸಿತು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಕೇಂದ್ರ ತೆರೆಯಿತು. ಮೊದಲೇ ಸಮಯ ಗೊತ್ತುಮಾಡಿಕೊಂಡು ಬರಬೇಕಿತ್ತು. ಕರೆದವರಲ್ಲಿ ಬಂದವರು ತೀರಾ ಕಡಿಮೆ, ಕೊನೆಗೆ ನಿಲ್ಲಿಸಿಬಿಟ್ಟರು. ವೇಗ ಅಲ್ಲಿ ಎರಡೂ ಕಡೆ ಇತ್ತು. ಗಾಡಿಗಳ ಸಂಖ್ಯೆ, ಹತ್ತಿರದ ಕೇಂದ್ರ, ಎಲ್ಲರಿಗೂ ಹೊಂದುವ ಬ್ಯಾಟರಿ ಇರಲಿಲ್ಲ.

ಒಂದೇ ಅಳತೆಗೆ ತರುವ ಪ್ರಯತ್ನ ನಡೆದಿದೆ. 2021ರಲ್ಲಿ ಹೋಂಡಾ, ಯಮಹಾ, ಕೆಟಿಎಂ, ಪಿಯಾಜಿಯೊ ಸೇರಿ ದ್ವಿಚಕ್ರದ ಬದಲಿಸುವ ಬ್ಯಾಟರಿಗೆ ಒಕ್ಕೂಟ ಮಾಡಿಕೊಂಡರು. ಬ್ಯಾಟರಿ ತಯಾರಿಸುವ ಸಿಎಟಿಎಲ್ 2022ರಲ್ಲಿ ತನ್ನದೇ ಸ್ವಾಪ್ ಸೇವೆ ತಂದಿತು. ಇದೆಲ್ಲ ಒಳ್ಳೆಯದೇ. ಆದರೆ ನೀವು ಇವತ್ತು ಗಾಡಿ ಕೊಳ್ಳುವವರು. ಇವತ್ತು ನಿಮ್ಮ ಗಾಡಿಗೆ ಯಾವ ಕಂಪನಿಯ ಬ್ಯಾಟರಿ ಕೂರುತ್ತದೋ ಆ ಕಂಪನಿಯ ಕೈಯಲ್ಲಿ ನೀವಿರುತ್ತೀರಿ.

ಮೂರು ನಿಮಿಷ ಅನ್ನುವುದರ ಹಿಂದೆ

ಮೂರು ನಿಮಿಷ ಅಂದರೆ ತುಂಬಿದ ಬ್ಯಾಟರಿ ಕಾಯುತ್ತಾ ಇದ್ದರೆ ಮೂರು ನಿಮಿಷ. ಕೇಂದ್ರದಲ್ಲಿ ಬ್ಯಾಟರಿಗಳೂ ಚಾರ್ಜ್ ಆಗಲೇಬೇಕು, ಅಲ್ಲಿ ಮಂತ್ರ ಏನೂ ಇಲ್ಲ. 20 ಬ್ಯಾಟರಿ ಇಟ್ಟ ಕಡೆ ಒಂದೊಂದಕ್ಕೆ ಒಂದು ಗಂಟೆ ಹಿಡಿದರೆ ಗಂಟೆಗೆ 20 ಗಾಡಿ. ಸಂಜೆ ಅದೇ ಗಂಟೆಗೆ 30 ಗಾಡಿ ಬಂದರೆ? ಹತ್ತು ಜನ ನಿಲ್ಲುತ್ತಾರೆ, ಇಲ್ಲವೇ ಅರ್ಧ ತುಂಬಿದ್ದನ್ನು ತೆಗೆದುಕೊಂಡು ಹೋಗುತ್ತಾರೆ. ನಿಯೊ ಕಂಪನಿಯ ಮೂರನೇ ಪೀಳಿಗೆಯ ಕೇಂದ್ರದಲ್ಲಿ 21 ಬ್ಯಾಟರಿ, ದಿನಕ್ಕೆ ಹೆಚ್ಚೆಂದರೆ 408 ಸ್ವಾಪ್. ಭಾಗಿಸಿ ನೋಡಿ, ಒಂದೊಂದು ಬ್ಯಾಟರಿ ದಿನಕ್ಕೆ 19 ಸಲ ಕೈ ಬದಲಾಗಬೇಕು, ಅಂದರೆ 75 ನಿಮಿಷಕ್ಕೊಮ್ಮೆ. ಅಷ್ಟು ಬಿಗಿ ಲೆಕ್ಕದಲ್ಲಿ ಜನ ಒಟ್ಟಿಗೆ ಬಂದರೆ ಸಾಲು ನಿಲ್ಲುವುದು ಸಹಜ.

ನನಗೇ ಆಗಿದೆ. ಬಾಡಿಗೆ ಸ್ಕೂಟರ್ ಓಡಿಸುತ್ತಿದ್ದಾಗ ಆ್ಯಪ್‌ನಲ್ಲಿ ಎರಡು ಬ್ಯಾಟರಿ ಇದೆ ಅಂತ ತೋರಿಸಿತು, ಹೋದೆ, ಒಂದು ಇನ್ನೂ ಚಾರ್ಜೇ ಆಗಿರಲಿಲ್ಲ, ಇನ್ನೊಂದರ ಬಾಗಿಲೇ ತೆಗೆಯಲಿಲ್ಲ. ಮುಂದಿನ ಕೇಂದ್ರಕ್ಕೆ ಹೋಗಲು ಉಳಿದ ಚಾರ್ಜ್ ಸಾಲುತ್ತದಾ ಅಂತ ಎದೆ ಹೊಡೆದುಕೊಳ್ಳುತ್ತಾ ನಿಧಾನವಾಗಿ ಓಡಿಸಿದ ಆ ನಾಲ್ಕು ಕಿಲೋಮೀಟರ್ ಇನ್ನೂ ನೆನಪಿದೆ. ಪ್ಲಗ್ ಕೂಡ ಇರುವ ಗಾಡಿ ಆಗಿದ್ದರೆ ಯಾವುದೋ ಅಂಗಡಿಯಲ್ಲಿ ಕೇಳಿ ಅರ್ಧ ಗಂಟೆ ಹಾಕಿಕೊಳ್ಳುತ್ತಿದ್ದೆ.

ಅದಕ್ಕೇ ಹೇಳುವುದು, ಸ್ವಾಪ್ ಮಾತ್ರ ಇರುವ ಗಾಡಿಯೋ, ಸ್ವಾಪ್ ಜೊತೆ ಪ್ಲಗ್ಗೂ ಇರುವ ಗಾಡಿಯೋ ಅನ್ನುವುದನ್ನು ಮೊದಲೇ ಕೇಳಿ. ನಿಯೊ ಕಾರಿಗೆ ಪ್ಲಗ್ ಹಾಕಬಹುದು. ಹೋಂಡಾ ಆಕ್ಟಿವಾ ಇ ಸ್ಕೂಟರ್‌ನಲ್ಲಿ 1.5 ಯೂನಿಟ್ಟಿನ ಎರಡು ಬ್ಯಾಟರಿ ಇವೆ, ಅವನ್ನು ಮನೆಯಲ್ಲಿ ಚಾರ್ಜ್ ಮಾಡಲು ಬರುವುದಿಲ್ಲ. ದಾರಿಯಲ್ಲಿ ಎರಡು ಮೂರು ಕೇಂದ್ರ ಇರುವವರಿಗೆ ಇದು ತೊಂದರೆಯೇ ಅಲ್ಲ. ಒಂದೇ ಕೇಂದ್ರ ಇರುವವರಿಗೆ ಆ ಕೇಂದ್ರ ಕೆಟ್ಟುಹೋದ ದಿನ ಗಾಡಿ ಮನೆಯಲ್ಲೇ ನಿಲ್ಲುತ್ತದೆ.

ಜನ ಇನ್ನೊಂದು ಭಯ ಹೇಳುತ್ತಾರೆ. ನನ್ನ ಹೊಸ ಬ್ಯಾಟರಿ ಕೊಟ್ಟು ಯಾರದೋ ಹಳೆಯದು ಬಂದರೆ? ಬ್ಯಾಟರಿ ನಿಮ್ಮದೇ ಅಲ್ಲದಿದ್ದರೆ ಈ ಭಯಕ್ಕೆ ಅರ್ಥ ಇಲ್ಲ, ಇವತ್ತು ಹಳೆಯದು ಬಂದರೆ ನಾಳೆ ಬೇರೆಯದು ಬರುತ್ತದೆ. ಒಳ್ಳೆಯ ಕೇಂದ್ರದಲ್ಲಿ ಹದವಾದ ಬಿಸಿಯಲ್ಲಿ ನಿಧಾನಕ್ಕೆ ಚಾರ್ಜ್ ಮಾಡಿ, ಸೊರಗಿದ್ದನ್ನು ಗುರುತಿಸಿ ಪಕ್ಕಕ್ಕೆ ತೆಗೆಯುತ್ತಾರೆ. ಬ್ಯಾಟರಿಗಳ ಆರೋಗ್ಯಕ್ಕೆ ಇದು ನಿಮ್ಮ ಮನೆಗಿಂತ ಮೇಲು ಅಂತಲೇ ನನ್ನ ಅಭಿಪ್ರಾಯ. ಭಯಪಡಬೇಕಾದದ್ದು ದುಡ್ಡಿನ ಲೆಕ್ಕಕ್ಕೆ: ಶುಲ್ಕ ಪ್ರತಿ ಸ್ವಾಪ್‌ಗೋ, ಬಳಸಿದ ಯೂನಿಟ್‌ಗೋ? ಪ್ರತಿ ಸ್ವಾಪ್‌ಗೆ ಆದರೆ ಸೊರಗಿದ ಬ್ಯಾಟರಿ ಬಂದ ದಿನ ನಿಮಗೆ ನಷ್ಟ. 30 ಶೇಕಡಾ ಉಳಿದಿದ್ದಾಗ ಬದಲಿಸಿದರೂ ಪೂರ್ತಿ ದುಡ್ಡು. ಯೂನಿಟ್ ಲೆಕ್ಕದ್ದನ್ನೇ ಆರಿಸಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ಸಾಕೆಟ್ ಇದ್ದು ದಿನಾ ಕೆಲಸಕ್ಕೆ ಹೋಗಿ ಬರುವವರು ಎರಡನೇ ಯೋಚನೆ ಮಾಡದೆ ಬ್ಯಾಟರಿ ಸಮೇತ ಕೊಂಡು ಪ್ಲಗ್ ಹಾಕಿ. ಸಾಕೆಟ್ ಇಲ್ಲದ ಸ್ಕೂಟರ್‌ನವರು, ಮೊದಲ ಮಹಡಿಯೊಳಗೆ ಇದ್ದರೆ ಹೊತ್ತುಕೊಂಡು ಹೋಗುವ ಬ್ಯಾಟರಿ, ಇಲ್ಲದಿದ್ದರೆ ಸ್ವಾಪಿಂಗ್, ಅದೂ ದಿನಾ ಓಡಾಡುವ ದಾರಿಯಲ್ಲಿ ಎರಡಾದರೂ ಕೇಂದ್ರ ಇದ್ದರೆ. ಡೆಲಿವರಿ, ಆಟೋ, ಸಾಮಾನು ಸಾಗಿಸುವ ಗಾಡಿ ಇವರಿಗೆಲ್ಲ ನನ್ನ ಓಟು ಸ್ವಾಪಿಂಗ್‌ಗೇ. ಕಾರಿನವರಿಗೆ, ತಿಂಗಳಿಗೊಮ್ಮೆ ದೂರ ಹೋಗುವುದಕ್ಕೆ ಅಂತ ಸ್ವಾಪ್ ಕಾರು ಹುಡುಕಬೇಡಿ, ಒಳ್ಳೆಯ ಫಾಸ್ಟ್ ಚಾರ್ಜಿಂಗ್ ಇರುವ ಕಾರೇ ಸಾಕು. ದಿನವಿಡೀ ಓಡುವ ಟ್ಯಾಕ್ಸಿ ಆದರೆ ಲೆಕ್ಕ ಬದಲಾಗುತ್ತದೆ, ಅಲ್ಲಿ ಸ್ವಾಪ್ ಇದ್ದರೆ ಖಂಡಿತ ನೋಡಿ.

ಸಹಿ ಹಾಕುವ ಮೊದಲು

ಒಪ್ಪಂದದಲ್ಲಿ ಇಷ್ಟು ಹುಡುಕಿ. ಶುಲ್ಕ ಎಷ್ಟು ದಿನಕ್ಕೊಮ್ಮೆ ಏರಿಸಬಹುದು. ಕೇಂದ್ರ ಮುಚ್ಚಿದರೆ ಏನು. ಬ್ಯಾಟರಿ ಕಳುವಾದರೆ, ನೀರಲ್ಲಿ ಮುಳುಗಿದರೆ ಯಾರು ಕೊಡಬೇಕು, ವಿಮೆ ಬ್ಯಾಟರಿಗೂ ಸೇರಿದೆಯಾ. ಗಾಡಿ ಮಾರುವಾಗ ಸಬ್‌ಸ್ಕ್ರಿಪ್ಷನ್ ಕೊಳ್ಳುವವರ ಹೆಸರಿಗೆ ಹೋಗುತ್ತದಾ, ಹೋಗದಿದ್ದರೆ ಬ್ಯಾಟರಿ ಇಲ್ಲದ ಗಾಡಿಯನ್ನು ಯಾರು ಕೊಳ್ಳುತ್ತಾರೆ? ಎರಡು ತಿಂಗಳು ಊರಲ್ಲಿ ಇಲ್ಲದಿದ್ದರೆ ಶುಲ್ಕ ನಿಲ್ಲಿಸಬಹುದಾ. ಮುಂದೊಂದು ದಿನ ಬ್ಯಾಟರಿಯನ್ನೇ ಕೊಂಡುಕೊಳ್ಳುವ ಅವಕಾಶ ಇದೆಯಾ. ಬಾಯಿ ಮಾತಿನ ಉತ್ತರ ಬೇಡ, ಬರೆದದ್ದು ತೋರಿಸಲು ಹೇಳಿ.

ಆಮೇಲೆ ಒಂದು ವಾರ ಆ್ಯಪ್ ಮಾತ್ರ ಹಾಕಿಕೊಂಡು ನೋಡಿ, ಗಾಡಿ ಇನ್ನೂ ಬೇಡ. ನೀವು ಬ್ಯಾಟರಿ ಬದಲಿಸುವ ಹೊತ್ತು ಯಾವುದೋ ಆ ಹೊತ್ತಿಗೇ ತೆರೆಯಿರಿ, ಬೆಳಗ್ಗೆ ಹತ್ತಕ್ಕಲ್ಲ. ಹತ್ತಿರದ ಎರಡು ಕೇಂದ್ರದಲ್ಲಿ ಪೂರ್ತಿ ತುಂಬಿದ ಬ್ಯಾಟರಿ ಎಷ್ಟಿವೆ ಅಂತ ಬರೆದಿಡಿ. ಏಳರಲ್ಲಿ ಎರಡು ದಿನ ಸೊನ್ನೆ ಬಂದರೆ ಆ ಸೇವೆ ನಿಮ್ಮ ಬಡಾವಣೆಗೆ ಇನ್ನೂ ಸಾಲದು. ಆರು ತಿಂಗಳು ಬಿಟ್ಟು ಮತ್ತೆ ನೋಡಿ. ಸಾಧ್ಯವಾದರೆ ಒಂದು ಸಂಜೆ ಆ ಕೇಂದ್ರದ ಹತ್ತಿರ ಹೋಗಿ, ಅಲ್ಲಿ ಬ್ಯಾಟರಿ ಬದಲಿಸುತ್ತಿರುವ ಡೆಲಿವರಿಯವರನ್ನು ಮಾತಾಡಿಸಿ. ಯಾವ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ, ಯಾವ ಹೊತ್ತಿಗೆ ಖಾಲಿ ಆಗುತ್ತದೆ, ಫೋನ್ ಮಾಡಿದರೆ ಯಾರಾದರೂ ಎತ್ತುತ್ತಾರಾ, ಎಲ್ಲವೂ ಅವರಿಗೆ ಗೊತ್ತಿರುತ್ತದೆ.